ಅಡ್ಡಿಲ್ಲೆ: ಸಿದ್ದಾಪುರದ ತೋಟದಲ್ಲಿ ಐದು ದಿನ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಉತ್ತರ ಕನ್ನಡದ ಸಿದ್ದಾಪುರಕ್ಕೆ, ಗೆಳೆಯನ ಅಡಿಕೆ ತೋಟಕ್ಕೆ ಹೋಗಿದ್ದು ಸುತ್ತಾಡೋಕಲ್ಲ, ಲೆಕ್ಕ ಹಾಕೋಕೆ. ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ಹೆಸರು ‘ತೋಟ ಫೈನಲ್ 3’. ಎಕರೆಗೆ ಎಷ್ಟು ಮರ, ಮರಕ್ಕೆ ಎಷ್ಟು ಕೆಜಿ, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್, ಎಲ್ಲ ಅದರಲ್ಲಿತ್ತು. ಕೊನೆಯ ಕಾಲಮ್ಮಿಗೆ ಮಾತ್ರ ಹೆಸರಿಟ್ಟಿರಲಿಲ್ಲ. ಅಲ್ಲಿ ಏನು ಬರಬೇಕು ಅಂತ ಗೊತ್ತಿತ್ತು, ಬರೆಯೋಕೆ ನಾಚಿಕೆ. ನೆಮ್ಮದಿ.

ನಮ್ಮ ಆಫೀಸಿನಲ್ಲಿ ಟೀ ಕುಡಿಯುವಾಗ ವಾರಕ್ಕೊಮ್ಮೆಯಾದರೂ ಈ ಮಾತು ಬರುತ್ತದೆ. “ಎರಡು ಎಕರೆ ತಗೊಂಡು ಹಾಯಾಗಿ ಇದ್ಬಿಡ್ಬೇಕು ಗುರು.” 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾಯಿತು. ಅವತ್ತಿನಿಂದ ಟೀ ಮಾತಿಗೆ ಇನ್ನಷ್ಟು ಬಲ ಬಂದಿದೆ. ನನ್ನ ವಿಷಯದಲ್ಲಿ ಇದು ಸ್ವಲ್ಪ ತಮಾಷೆಯೂ ಹೌದು. ನಮ್ಮಪ್ಪ ಮಧುಗಿರಿ ಕಡೆಯವರು. ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದ ಮೂರು ಎಕರೆ ಹೊಲ ಮಾರಿ ನನಗೆ ಇಂಜಿನಿಯರಿಂಗ್ ಓದಿಸಿದರು. ಆ ಇಂಜಿನಿಯರಿಂಗ್ ದುಡ್ಡಲ್ಲಿ ಹೊಲ ಕೊಳ್ಳುತ್ತೇನೆ ಅಂದಾಗ ಅಪ್ಪ ಪೇಪರ್ ಕೆಳಗಿಳಿಸಿ ನನ್ನನ್ನು ನೋಡಿದರು. ಮತ್ತೆ ಪೇಪರ್ ಮೇಲೆತ್ತಿದರು. ಅಷ್ಟೇ.

ಸಿದ್ದಾಪುರದ ಗೆಳೆಯ ಮತ್ತು ನಾನು ಎಂಟು ವರ್ಷ ಒಂದೇ ಕಂಪನಿಯಲ್ಲಿ ಅಕ್ಕಪಕ್ಕ ಕೂತವರು. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನಿಗೆ ಎರಡು ದಿನ ಮುಂಚೆ ಊರಿಗೆ ಹೋದವನು ವಾಪಸ್ ಬರಲೇ ಇಲ್ಲ. ಮೊದಲು ಮನೆಯಿಂದ ಕೆಲಸ, ಆಮೇಲೆ ರಾಜೀನಾಮೆ. ಫೋನ್ ಮಾಡಿ ಬರುತ್ತೇನೆ ಅಂದಾಗ ಅವನು ಹೇಳಿದ್ದು ಇಷ್ಟು: “ಡಿಸೆಂಬರ್‌ನಲ್ಲಿ ಬಾ, ಅಡಿಕೆ ಕೊನೆಕೊಯ್ಲು ಇರ್ತದೆ. ಸುಮ್ನೆ ನೋಡೋಕೆ ಬರೋದಾದ್ರೆ ಜೋಗಕ್ಕೆ ಹೋಗು.”

ಮೊದಲ ದಿನ

ಬೆಂಗಳೂರಿನಿಂದ ರಾತ್ರಿ ಹೊರಟ ರೈಲು ಬೆಳಿಗ್ಗೆ ತಾಳಗುಪ್ಪದಲ್ಲಿ ನಿಂತಿತು. ಅಲ್ಲಿಂದ ಮುಂದೆ ಹಳಿಯೇ ಇಲ್ಲ. ಸಾಗರದಲ್ಲೇ ಮುಕ್ಕಾಲು ಪಾಲು ಜನ ಇಳಿದುಹೋಗಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಮಂಜು, ಒಂದು ನಾಯಿ, ಮತ್ತೆ ಬೈಕಿನ ಮೇಲೆ ಕೂತ ನನ್ನ ಗೆಳೆಯ. ಐದು ವರ್ಷದಲ್ಲಿ ತೆಳ್ಳಗಾಗಿದ್ದ. ಅಂಗೈ ನೋಡಿದೆ, ಕಪ್ಪಗಿತ್ತು. “ಗ್ರೀಸಾ?” ಅಂದೆ. “ಅಡಿಕೆ ಮಾರಾಯ. ನಿನ್ನದೂ ಆಗ್ತದೆ, ತಡಿ” ಅಂದ.

ಸಿದ್ದಾಪುರ ಪೇಟೆ ದಾಟಿ, ಡಾಂಬರು ಬಿಟ್ಟು, ಕೆಂಪು ಮಣ್ಣಿನ ಇಳಿಜಾರಿನಲ್ಲಿ ಇಳಿದರೆ ಮನೆ. ಮನೆ ಎತ್ತರದಲ್ಲಿ, ತೋಟ ಕೆಳಗೆ ಕಣಿವೆಯಲ್ಲಿ, ಹಿಂದೆ ಬೆಟ್ಟ. ಈ ಕಡೆ ಎಲ್ಲ ಮನೆಗಳದೂ ಹೆಚ್ಚುಕಮ್ಮಿ ಇದೇ ನಕ್ಷೆ. ನೀರು ಹರಿದು ಬರುವ ಜಾಗದಲ್ಲಿ ಅಡಿಕೆ, ಅದಕ್ಕೆ ಸೊಪ್ಪು ಕೊಡೋಕೆ ಬೆಟ್ಟ. ಅಂಗಳದ ತುಂಬ ಚಪ್ಪರ. ಚಪ್ಪರದ ಮೇಲೆ ಕೆಂಪಡಿಕೆ ಹರವಿದ್ದರು. ಮನೆಗೆ ಹೋಗಬೇಕಾದರೆ ಅದರ ಕೆಳಗೆ ತಲೆ ಬಗ್ಗಿಸಿಕೊಂಡೇ ಹೋಗಬೇಕು. ನಾನು ಬಗ್ಗಿಸದೆ ಹೋಗಿ ತಲೆ ಹೊಡೆಸಿಕೊಂಡೆ.

ಅವನು ಅಮ್ಮನನ್ನು ಆಯಿ ಅಂತಲೂ ಅಪ್ಪನನ್ನು ಅಪ್ಪಯ್ಯ ಅಂತಲೂ ಕರೆಯುತ್ತಾನೆ. ನಾನೂ ಹಾಗೇ ಕರೆದೆ. ಆಯಿ ಕೇಳಿದ ಮೊದಲ ಪ್ರಶ್ನೆ, “ಆಸ್ರಿಗೆ ಎಂತ ಕೊಡ್ಲಿ ತಮಾ?” ನನಗೆ ಅರ್ಥವಾಗಲಿಲ್ಲ. ಬಾಯಾರಿಕೆಗೆ ಏನು ಕುಡಿಯುತ್ತೀಯ ಅಂತ. ಆಮೇಲೆ “ಬಿಸಿನೀರು ಇದ್ದು” ಅಂದರು. ಇದ್ದು... ಏನಾಯಿತು ಅಂತ ನಾನು ಮುಂದಿನ ಮಾತಿಗೆ ಕಾಯುತ್ತಾ ನಿಂತೆ. ಹವ್ಯಕ ಕನ್ನಡದಲ್ಲಿ ‘ಇದ್ದು’ ಅಂದರೆ ‘ಇದೆ’. ವಾಕ್ಯ ಅಲ್ಲಿಗೇ ಮುಗಿದಿತ್ತು.

ತೆಳ್ಳೇವು, ಜೋನಿಬೆಲ್ಲ, ಬೆಣ್ಣೆ. ತೆಳ್ಳೇವು ಅಂದರೆ ಕರ್ಚೀಫಿನಷ್ಟು ತೆಳ್ಳಗಿರುವ ದೋಸೆ. ಎಷ್ಟು ತಿಂದೆ ಅಂತ ಬರೆಯುವುದಿಲ್ಲ.

ಮಧ್ಯಾಹ್ನ ಅಪ್ಪಯ್ಯ ತೋಟಕ್ಕೆ ಕರೆದುಕೊಂಡು ಹೋದರು. ಎಪ್ಪತ್ತನಾಲ್ಕು ವರ್ಷ. ಇಳಿಜಾರಿನಲ್ಲಿ ನನಗಿಂತ ಮುಂದೆ. ಕೈಯಲ್ಲಿ ಕತ್ತಿ, ಬಾಯಲ್ಲಿ ಕವಳ, ಅಂದರೆ ಎಲೆಅಡಿಕೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ತೋಟದೊಳಗೆ ಕಾಲಿಟ್ಟ ತಕ್ಷಣ ತಣ್ಣಗೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ಕೆಳಗೆ ಬಾಳೆ, ಒದ್ದೆ ಜಾಗದಲ್ಲಿ ಏಲಕ್ಕಿ, ಒಂದು ಮೂಲೆಯಲ್ಲಿ ವೀಳ್ಯದೆಲೆ. ಇನ್ನೊಂದು ಮೂಲೆಯಲ್ಲಿ ಯಾರೂ ಮುಟ್ಟದ ಒಂದು ಬಳ್ಳಿ. “ವೆನಿಲ್ಲಾ” ಅಂದರು ಅಪ್ಪಯ್ಯ. 2003ರ ಸುಮಾರಿಗೆ ಅದರ ಹಸಿ ಕೋಡಿಗೆ ಕೆಜಿಗೆ ಸಾವಿರಗಟ್ಟಲೆ ರೂಪಾಯಿ ಇತ್ತು. ಕದಿಯುತ್ತಾರೆ ಅಂತ ಜನ ರಾತ್ರಿ ತೋಟ ಕಾಯುತ್ತಿದ್ದರು. ಆಮೇಲೆ ಬೆಲೆ ಮಕಾಡೆ ಬಿತ್ತು. “ಕಿತ್ತು ಒಗೆದವರು ಬಹಳ. ನಾನು ಇಟ್ಕಂಡೆ. ಹೂವು ಚೊಲೋ ಇರ್ತದೆ.”

ನಾನು ಲೆಕ್ಕಕ್ಕೆ ಇಳಿದೆ. ಎಕರೆಗೆ 550 ಮರ ಅಲ್ವಾ? ಒಂಬತ್ತು ಅಡಿಗೊಂದು ಹಾಕಿದರೆ ಅಷ್ಟು ಬರುತ್ತೆ ಅಂತ ಓದಿದ್ದೆ. ಅಪ್ಪಯ್ಯ ಸುತ್ತ ನೋಡಿದರು. ಯಾವುದೂ ಒಂಬತ್ತು ಅಡಿಗಿರಲಿಲ್ಲ. ಅವರ ಅಜ್ಜ ಹಾಕಿದ ಮರ, ಅದು ಬಿದ್ದ ಜಾಗದ ಪಕ್ಕ ಅವರಪ್ಪ ಹಾಕಿದ್ದು, ಅದರ ಸಂದಿಯಲ್ಲಿ ಇವರು ಹಾಕಿದ್ದು. ಸಸಿ ನೆಟ್ಟ ಮೇಲೆ ಫಸಲು ಕಾಣೋಕೆ ಐದಾರು ವರ್ಷ ಬೇಕು. “ಇದು ಮಗ ಬಂದ ವರ್ಷ ಹಾಕಿದ್ದು” ಅಂತ ನನ್ನ ಎರಡರಷ್ಟು ಎತ್ತರದ ಗಿಡ ತೋರಿಸಿದರು. ಈಗ ಸಿಂಗಾರ, ಅಂದರೆ ಹೂಗೊಂಚಲು ಬಿಡುವ ಹೊತ್ತು.

“ಈ ಸಲ ಬೆಳೆ ಹೇಗಿದೆ ಅಪ್ಪಯ್ಯ?”

“ಅಡ್ಡಿಲ್ಲೆ.”

ಆ ಐದು ದಿನದಲ್ಲಿ ಈ ಪದ ನೂರು ಸಲ ಕೇಳಿದೆ. ಊಟ ಹೇಗಿತ್ತು? ಅಡ್ಡಿಲ್ಲೆ. ಮಂಡಿನೋವು? ಅಡ್ಡಿಲ್ಲೆ. ಅಡಿಕೆ ರೇಟು? ಅಡ್ಡಿಲ್ಲೆ. ಅಡ್ಡಿ ಇಲ್ಲ, ತೊಂದರೆ ಇಲ್ಲ, ಪರವಾಗಿಲ್ಲ ಅಂತ ಅರ್ಥ. ಮೊದಲ ದಿನ ನನಗೆ ಇದು ಜುಗ್ಗತನದಂತೆ ಕಂಡಿತು. ಚೆನ್ನಾಗಿದೆ ಅಂತ ಹೇಳೋಕೆ ಇವರಿಗೇನು ಕಷ್ಟ ಅಂದುಕೊಂಡೆ.

ಎರಡನೇ ದಿನ

ಬೆಳಿಗ್ಗೆ ಏಳೂವರೆಗೆ ಕೊನೆಗೌಡರು ಬಂದರು. ಇಲ್ಲಿ ಕೊನೆ ಅಂದರೆ ಅಡಿಕೆಯ ಗೊಂಚಲು. ಅದನ್ನು ಕೊಯ್ಯುವವರು ಕೊನೆಗೌಡ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಇಡೀ ಊರು ಇವರ ದಿನಕ್ಕಾಗಿ ಕಾಯುತ್ತದೆ. ಮುಂದಿನ ವಾರ ಯಾರ ತೋಟ ಅನ್ನುವುದು ತಿಂಗಳ ಮುಂಚೆಯೇ ಗೊತ್ತಿರಬೇಕು. ಈಗ ಉದ್ದದ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು. ಗೆಳೆಯನ ಮನೆಯಲ್ಲೂ ಒಂದಿದೆ. ಆದರೆ ಹಳೇ ಮರಗಳು ಐವತ್ತು ಅರವತ್ತು ಅಡಿ. ಅವುಗಳಿಗೆ ಮನುಷ್ಯನೇ ಬೇಕು.

ಕಾಲಿಗೆ ತಳೆ ಅನ್ನುವ ಕುಣಿಕೆ ಹಾಕಿಕೊಂಡು ಅವರು ಹತ್ತಿದ್ದು ನೋಡಬೇಕು. ನಾನು ಲಿಫ್ಟ್ ಬಟನ್ ಒತ್ತಿ ಕಾಯುವಷ್ಟು ಹೊತ್ತಿನಲ್ಲಿ ತುದಿಯಲ್ಲಿದ್ದರು. ಅಲ್ಲಿಂದ ಒಂದು ಹಗ್ಗ ಕೆಳಗೆ ಬಂತು. ಅದರ ತುದಿಯನ್ನು ನನ್ನ ಗೆಳೆಯ ದೂರ ನಿಂತು ಬಿಗಿಯಾಗಿ ಎಳೆದು ಹಿಡಿದ. ಕೊನೆ ಕೊಯ್ದು ಹಗ್ಗಕ್ಕೆ ಬಿಟ್ಟರೆ ಅದು ಸರ್ರ್ ಅಂತ ಜಾರಿಕೊಂಡು ಅವನ ಹತ್ತಿರ ಬರುತ್ತದೆ. ಒಂದು ಕಾಯಿಯೂ ಚೆಲ್ಲಾಪಿಲ್ಲಿ ಆಗುವುದಿಲ್ಲ. ಒಂದು ಮರ ಮುಗಿದರೆ ಇಳಿಯುವ ಮಾತೇ ಇಲ್ಲ. ಮರವನ್ನೇ ತೂಗಿ, ಬಗ್ಗಿಸಿ, ಪಕ್ಕದ ಮರ ಹಿಡಿದು ಅದಕ್ಕೆ ದಾಟಿಬಿಡುತ್ತಾರೆ. ನನ್ನ ಹೊಟ್ಟೆಯೊಳಗೆ ಚಳಿ.

ಒಂದು ಮರದಲ್ಲಿ ಮೂರು ನಾಲ್ಕು ಕೊನೆ ಇರುತ್ತವೆ. ಎಲ್ಲ ಒಟ್ಟಿಗೆ ಬಲಿಯುವುದಿಲ್ಲ. ಕೆಂಪಡಿಕೆ ಮಾಡಬೇಕಾದರೆ ಕಾಯಿ ಹಸಿರಾಗಿದ್ದಾಗಲೇ ಕೊಯ್ಯಬೇಕು, ಎಳೆಯದಾಗಿರಬಾರದು, ಬಲಿತು ಹೋಗಿರಲೂಬಾರದು. ಹಣ್ಣಾದರೆ ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡೋಕೆ ಮಾತ್ರ. ಯಾವುದು ಹದ, ಯಾವುದು ಮುಂದಿನ ಕೊಯ್ಲಿಗೆ ಅಂತ ಮೇಲೆ ಕೂತವರೇ ತೀರ್ಮಾನ ಮಾಡಬೇಕು. ಅಪ್ಪಯ್ಯ ಕೆಳಗಿನಿಂದ ಏನೂ ಹೇಳಲಿಲ್ಲ. ತೋಟದ ಯಜಮಾನರ ವರ್ಷದ ದುಡಿಮೆ ಆ ಹೊತ್ತಿನಲ್ಲಿ ಕೊನೆಗೌಡರ ಕಣ್ಣಿನಲ್ಲಿರುತ್ತದೆ.

ಊಟದ ಹೊತ್ತಿನಲ್ಲಿ ಕೇಳಿದೆ, “ಮೇಲೆ ಭಯ ಆಗಲ್ವಾ?”

“ಮೇಲೆ ಗಾಳಿ ಚೊಲೋ ಇರ್ತದೆ. ಯಾರೂ ಕರೆಯೂದಿಲ್ಲ” ಅಂದರು. ಅವರ ಇಬ್ಬರು ಮಕ್ಕಳೂ ಗೋವಾದಲ್ಲಿ ಹೋಟೆಲ್ ಕೆಲಸಕ್ಕಿದ್ದಾರೆ. ಮರ ಹತ್ತೋಕೆ ಬರಲ್ವಾ ಅಂದರೆ, ಬರಬಾರದು ಅಂತಲೇ ಕಲಿಸಲಿಲ್ಲ ಅಂದರು.

ನನ್ನ ಕೆಲಸ ಉದುರಿದ ಅಡಿಕೆ ಹೆಕ್ಕುವುದು. ಆಯಿ ಜೊತೆಗೆ ಬುಟ್ಟಿ ಹಿಡಿದು ಬಗ್ಗಿ ಹೆಕ್ಕಿದೆ. ಅವರು ಒಂದು ಬುಟ್ಟಿ ತುಂಬಿಸುವಾಗ ನನ್ನದು ತಳ ಮುಚ್ಚಿತ್ತು. ಸೊಂಟ ಬೇರೆ ಹಿಡಿದುಕೊಂಡಿತು.

ಸಂಜೆ ಅಂಗಳದಲ್ಲಿ ಕೊನೆಗಳ ಗುಡ್ಡೆ. ಆರು ಗಂಟೆಗೆ ಸುಲಿಯುವವರು ಬಂದರು, ಹೆಂಗಸರೇ ಜಾಸ್ತಿ. ಮರದ ಮಣೆಯಲ್ಲಿ ನೆಟ್ಟಗೆ ನಿಲ್ಲಿಸಿದ ಕತ್ತಿ, ಅದಕ್ಕೆ ಮೆಟ್ಟುಗತ್ತಿ ಅನ್ನುತ್ತಾರೆ. ಕಾಲಲ್ಲಿ ಮೆಟ್ಟಿ ಕೂತು ಕಾಯಿಯನ್ನು ಕತ್ತಿಗೆ ಒತ್ತಿದರೆ ಸಿಪ್ಪೆ ಎದ್ದು ಬರುತ್ತದೆ. ಎರಡು ಸಲ ತಿರುಗಿಸಿದರೆ ಅಡಿಕೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಡಬ್ಬಕ್ಕೆ ಇಷ್ಟು ಅಂತ ಕೂಲಿ. ಸುಲಿಯುವ ಯಂತ್ರಗಳೂ ಬಂದಿವೆ. ಪಕ್ಕದ ಮನೆಯಲ್ಲಿ ಒಂದು ಗಡಗಡ ಅನ್ನುತ್ತಿತ್ತು. ಹಿಂದೆ ಮುಯ್ಯಾಳು ಲೆಕ್ಕದಲ್ಲಿ ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ ಅಂತ ಊರವರೇ ಸೇರಿ ಸುಲಿಯುತ್ತಿದ್ದರಂತೆ. ರಾತ್ರಿಯೆಲ್ಲ ತಾಳಮದ್ದಲೆ ಮಾತು, ದೆವ್ವದ ಕಥೆ. ಈಗ ಆ ಜಾಗದಲ್ಲಿ ಮೊಬೈಲಿನಲ್ಲಿ ಯಕ್ಷಗಾನ.

ನಾನೂ ಕೂತೆ. ಮೊದಲ ಕಾಯಿಗೆ ಐದು ನಿಮಿಷ. ಎರಡನೆಯದರಲ್ಲಿ ಹೆಬ್ಬೆರಳು ಕುಯ್ದಿತು. ಪಕ್ಕದಲ್ಲಿ ಕೂತ ಅಕ್ಕ ನನ್ನ ಕಡೆ ನೋಡದೆಯೇ, ಕೈ ನಿಲ್ಲಿಸದೆಯೇ ಬಟ್ಟೆಚೂರು ಎಸೆದರು.

ಅವರೇ ಕೇಳಿದರು, ನೀವ್ಯಾಕೆ ಬಂದಿದ್ದು ಅಂತ. ತೋಟ ಮಾಡಬೇಕು ಅಂತಿದೆ, ಇಲ್ಲಿ ಇದ್ದರೆ ಒಂಥರಾ ಖುಷಿ ಅಲ್ವಾ ಅಂದೆ. ಆಗ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ತೋಟ ಇದ್ದವ್ರಿಗೆ ಮರ ನೋಡಿದ್ರೂ ಖುಷಿ ಬಿಡಿ. ನಮಗೆ ಡಬ್ಬ ತುಂಬಿದ್ರೆ ಖುಷಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಸ್ವಲ್ಪ ತಡವಾಗಿ. ಹಳ್ಳಿಯ ನೆಮ್ಮದಿ ಬಗ್ಗೆ ನಾವು ಮಾತಾಡುವಾಗ ಯಾವಾಗಲೂ ಪಟ್ಟಾ ಇರುವವರ ಕಡೆಯಿಂದಲೇ ಯೋಚಿಸುತ್ತೇವೆ. ನನ್ನ ಎಕ್ಸೆಲ್ಲಿನಲ್ಲಿ ಈ ಅಕ್ಕ ‘ಕೂಲಿ ಖರ್ಚು’ ಅನ್ನುವ ಸಾಲಿನಲ್ಲಿದ್ದರು.

ಮೂರನೇ ದಿನ

ನಸುಕಿನಲ್ಲೇ ಒಲೆ ಹತ್ತಿಸಿದ್ದರು. ಅಂಗಳದ ಮೂಲೆಯಲ್ಲಿ ದೊಡ್ಡ ತಾಮ್ರದ ಹಂಡೆ, ಅದರಲ್ಲಿ ಕುದಿಯುವ ಕಪ್ಪುಕೆಂಪು ನೀರು. ಅದು ಚೊಗರು. ಅಡಿಕೆ ಬೇಯಿಸಿದ ನೀರು ಗಟ್ಟಿಯಾಗುತ್ತಾ ಹೋಗುತ್ತದೆ. ಅದನ್ನು ಚೆಲ್ಲುವುದಿಲ್ಲ, ಮುಂದಿನ ಸಲಕ್ಕೆ ಸೇರಿಸುತ್ತಾರೆ. ಅದರಿಂದಲೇ ಅಡಿಕೆಗೆ ಬಣ್ಣ, ಹೊಳಪು. ವರ್ಷದ ಕೊನೆಯ ಚೊಗರನ್ನು ತೆಗೆದಿಟ್ಟು ಮುಂದಿನ ವರ್ಷದ ಮೊದಲ ಹಂಡೆಗೆ ಹಾಕುತ್ತಾರೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಹಾಗಾದರೆ ಈ ಹಂಡೆಯಲ್ಲಿ ಎಷ್ಟು ಹಳೇ ಚೊಗರಿದೆ ಅಂತ ಕೇಳಿದೆ. “ನನ್ನ ಮದುವೆಗಿಂತ ಹಿಂದಿಂದು” ಅಂದರು ಆಯಿ.

ಅಪ್ಪಯ್ಯ ತೂತಿನ ಸೌಟಿನಲ್ಲಿ ಒಂದೆರಡು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಹೋಳು ಮಾಡಿ, ಬಿಸಿಲಿಗೆ ಹಿಡಿದು ನೋಡಿದರು. ಇನ್ನೂ ಆಗಿಲ್ಲ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು. ಆಯಿತು. ಎರಡು ಹೋಳಿನ ನಡುವೆ ನನಗೆ ಒಂದು ವ್ಯತ್ಯಾಸವೂ ಕಾಣಲಿಲ್ಲ.

ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗುವುದು 12-13 ಕೆಜಿ. ನನ್ನ ಶೀಟಿನಲ್ಲಿ 20 ಅಂತ ಇತ್ತು. ಚಪ್ಪರದ ಕೆಳಗೆ ಕೂತು ಅದನ್ನು ತಿದ್ದಿದೆ. ತಿದ್ದಿದ ತಕ್ಷಣ ಬಲಗಡೆಯ ಅಂಕಿಗಳೆಲ್ಲ ಕೆಂಪಾದವು. ಗೆಳೆಯ ಹಿಂದಿನಿಂದ ಬಗ್ಗಿ ನೋಡಿ ಹೇಳಿದ, “ಇದರಲ್ಲಿ ಕೊಳೆ ಎಲ್ಲಿದೆ?”

ಕೊಳೆ ಅಂದರೆ ಕೊಳೆರೋಗ. ಮಳೆಗಾಲದಲ್ಲಿ ಎಳೇ ಕಾಯಿ ಕೊಳೆತು ಉದುರುತ್ತದೆ. ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಮಲೆನಾಡು ಸುತ್ತಿ, ಇದರ ಮೂಲ ಒಂದು ಶಿಲೀಂಧ್ರ ಅಂತ ತೋರಿಸಿ 1910ರಲ್ಲಿ ವರದಿ ಬರೆದರು. ಅವರು ಹೇಳಿದ ಬೋರ್ಡೋ ದ್ರಾವಣವನ್ನೇ ಇವತ್ತಿಗೂ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಊರಲ್ಲಿ ಯಾರೂ ಬೋರ್ಡೋ ಅನ್ನುವುದಿಲ್ಲ, ‘ಮದ್ದು’ ಅಷ್ಟೇ. ಅದಕ್ಕೂ ಹಿಂದಿನಿಂದ ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಮುಚ್ಚುವ ರೂಢಿಯಿತ್ತು. ಈಗಲೂ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರಿದ್ದಾರೆ. ಮದ್ದು ಹೊಡೆಯೋಕೆ ಮಳೆ ಒಂದೆರಡು ದಿನ ಬಿಡುವು ಕೊಡಬೇಕು. ಕೊಡದಿದ್ದರೆ ಅರ್ಧ ಬೆಳೆ ನೆಲದ ಮೇಲೆ. ನಮ್ಮ ಮಧುಗಿರಿಯಲ್ಲಿ ಮೂರ್ನಾಲ್ಕು ವರ್ಷಕ್ಕೆ ಬೀಳುವ ಮಳೆ ಇಲ್ಲಿ ಒಂದೇ ಮಳೆಗಾಲದಲ್ಲಿ ಬೀಳುತ್ತದೆ. ಅಪ್ಪ ಮಳೆ ಬರಲಿಲ್ಲ ಅಂತ ಹೊಲ ಮಾರಿದರು. ಇಲ್ಲಿ ಮಳೆ ನಿಲ್ಲಲಿಲ್ಲ ಅಂತ ಅಳುತ್ತಾರೆ. ಈಚೆಗೆ ಎಲೆಚುಕ್ಕಿ ರೋಗ ಬೇರೆ. ದಿಬ್ಬದ ಮೇಲಿನ ಕೆಲವು ಮರಗಳ ಸೋಗೆ ಸುಟ್ಟ ಹಾಗೆ ಕಾಣುತ್ತಿತ್ತು.

ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆಹುಳಿ. ಅಪ್ಪೆಹುಳಿ ಕುಡಿದವನಿಗೆ ಮಧ್ಯಾಹ್ನ ನಿದ್ದೆ ಖಂಡಿತ. ನಾನು ಜಗುಲಿಯಲ್ಲಿ ಒರಗಿಕೊಂಡೆ. ಅಪ್ಪಯ್ಯ ಒಂದು ಡೈರಿ ತೆಗೆದು ಏನೋ ಬರೆಯುತ್ತಿದ್ದರು. ಏನು ಅಂದೆ. ದಿನದ ಲೆಕ್ಕ ಅಂದರು. ಎಷ್ಟು ವರ್ಷದಿಂದ ಅಂದರೆ, ಎದ್ದು ಹೋಗಿ ಕಪಾಟಿನ ಬಾಗಿಲು ತೆಗೆದರು. ಸೊಸೈಟಿಯಲ್ಲಿ ಕೊಡುವ ಡೈರಿಗಳು ಸಾಲಾಗಿ ನಿಂತಿದ್ದವು. ಹಳೆಯದು 1979ರದು.

ನೋಡಬಹುದಾ ಅಂದೆ. ಅಡ್ಡಿಲ್ಲೆ ಅಂದರು.

ಆ ಮಧ್ಯಾಹ್ನ ನಿದ್ದೆ ಮಾಡಲಿಲ್ಲ. ದಿನಕ್ಕೆ ಎರಡು ಸಾಲು, ಹೆಚ್ಚೆಂದರೆ ಮೂರು. ಮಳೆ ಎಷ್ಟು, ಯಾರು ಕೆಲಸಕ್ಕೆ ಬಂದರು, ಯಾವ ದನ ಕರು ಹಾಕಿತು. ಒಂದು ಏಪ್ರಿಲ್‌ನಲ್ಲಿ ‘ಬಾವಿ ತಳ ಕಂಡಿತು’. ಜೂನ್‌ನಲ್ಲಿ ‘ಬಾವಿ ತುಂಬಿತು. ಕಪ್ಪೆ ಕೂಗು ಜಾಸ್ತಿ’. ನನ್ನ ಗೆಳೆಯ ಹುಟ್ಟಿದ ದಿನದ ಪುಟ ಹುಡುಕಿದೆ. ‘ಬೆಳಿಗ್ಗೆ ಗಂಡು. ಮಧ್ಯಾಹ್ನದಿಂದ ಕೊನೆಕೊಯ್ಲು, 40 ಮರ.’ 2019ರ ಆಗಸ್ಟ್‌ನ ಆ ಭಾರಿ ಮಳೆಯ ವಾರದಲ್ಲಿ ಪುಟಪುಟಕ್ಕೂ ‘ಮಳೆ’ ಅಂತ ಒಂದೇ ಪದ. ವಾರದ ಕೊನೆಗೆ ‘ಮದ್ದು ಹೊಡೆಯಲಾಗಲಿಲ್ಲ. ಕೊಳೆ ಬಂತು.’ ಮಾರನೇ ದಿನ ‘ಬಿಸಿಲು. ಹೆಕ್ಕಿದ್ದು 6 ಬುಟ್ಟಿ.’ 2020ರ ಮಾರ್ಚ್‌ನಲ್ಲಿ ‘ಮಗ ಬಂದ. ಲ್ಯಾಪ್‌ಟಾಪ್ ತಂದಿದ್ದಾನೆ.’

ಅಡಿಕೆ ಮಾರಿದ ದಿನ ತೂಕ, ದರ, ಬಂದ ದುಡ್ಡು ಇದೆ. ಖರ್ಚಾದ ದಿನ ಖರ್ಚು ಇದೆ. ಆದರೆ ಡಿಸೆಂಬರ್ 31ರ ಯಾವ ಪುಟದಲ್ಲೂ ಕೂಡಿ ಕಳೆದು ಇಷ್ಟು ಉಳಿಯಿತು ಅಂತ ಬರೆದಿರಲಿಲ್ಲ. ಕೇಳಿದೆ. ಅಪ್ಪಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. “ವರ್ಷಕ್ಕೆ ಮುಗಿಯೂ ಲೆಕ್ಕ ಅಲ್ಲವಲ್ಲ ಇದು” ಅಂದರು. ಚೊಗರಿನ ಹಂಡೆ ನೆನಪಾಯಿತು.

ಇದನ್ನು ಕೇಳಿ ಇವರಿಗೆ ದುಡ್ಡಿನ ಮೇಲೆ ಆಸೆಯಿಲ್ಲ ಅಂತ ಯಾರೂ ತಿಳಿಯಬೇಡಿ. ಸಂಜೆ ಏಳಕ್ಕೆ ಶಿರಸಿ ಮಾರುಕಟ್ಟೆಯ ಅಡಿಕೆ ಧಾರಣೆ ವಾಟ್ಸ್‌ಆಪ್‌ನಲ್ಲಿ ಬಂದಾಗ ಅಪ್ಪಯ್ಯ ಮಗನ ಕೈಯಿಂದ ಫೋನ್ ಕಿತ್ತುಕೊಂಡು ನೋಡಿದರು.

ನಾಲ್ಕನೇ ದಿನ

ಬೆಳಿಗ್ಗೆ ಬೆಟ್ಟಕ್ಕೆ ಹೋದೆವು. ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ ಇದು. ಇಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು, ದರಕು ತರುವ ಹಕ್ಕು ತೋಟದವರದು. ದರಕು ಅಂದರೆ ಉದುರಿದ ಒಣ ಎಲೆ. ಅದನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಹಾಕುತ್ತಾರೆ. ನಾನು ಕೊಳ್ಳಬೇಕು ಅಂದುಕೊಂಡಿದ್ದ ಎರಡು ಎಕರೆ ಹಿಂದೆ ಹದಿನೆಂಟು ಎಕರೆ ಕಾಡು ನಿಂತಿರಬೇಕು ಅಂತ ಆಗ ಗೊತ್ತಾಯಿತು.

ಹೊರಡುವ ಮುಂಚೆ ಕಾಲಿಗೆ ಎಣ್ಣೆ ಹಚ್ಚಿಸಿದರು. ಇಲ್ಲಿಂದ ದೂರವೇನಿಲ್ಲ ಸೊರಬದ ಕ್ಯಾಸನೂರು ಕಾಡು. 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾಗಿದ್ದು ಅಲ್ಲಿ. ಉಣುಗು ಕಚ್ಚಿದರೆ ಬರುವ ಜ್ವರ. ದರಕು ಗುಡಿಸುವ ಕಾಲವೂ ಉಣುಗಿನ ಕಾಲವೂ ಒಂದೇ. ಮೇಲೆ ಕೆಂದಳಿಲು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿತು. ನಾನು ಫೋಟೋ ತೆಗೆದೆ. ಗೆಳೆಯ ಬೈದ, ನನಗಲ್ಲ, ಅಳಿಲಿಗೆ. ಎಳನೀರು ತೂತು ಮಾಡಿ ಕುಡಿಯುತ್ತದಂತೆ.

ಮಧ್ಯಾಹ್ನ ಶಿರಸಿಗೆ. ಒಂದು ಗಂಟೆ ದಾರಿ. ಅಲ್ಲಿನ ತೋಟಗಾರರ ಸಹಕಾರಿ ಸಂಘ 1923ರಲ್ಲಿ ಶುರುವಾದದ್ದು, ಎಲ್ಲರ ಬಾಯಲ್ಲೂ ಟಿಎಸ್‌ಎಸ್. ಅಡಿಕೆಯ ರಾಶಿಗಳು, ಎಡೆಯಲ್ಲಿ ಓಡಾಡಿ ಕೈಯಲ್ಲಿ ಹಿಡಿದು ನೋಡುವ ವ್ಯಾಪಾರಿಗಳು, ಚೀಟಿಯಲ್ಲಿ ದರ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ, ಚಾಲಿ. ನಾನು ಅಡಿಕೆ ಅಂತ ಒಂದೇ ಪದ ಇಟ್ಟುಕೊಂಡು ಬಂದಿದ್ದೆ.

ವಾಪಸ್ ಬರುವಾಗ ದಾರಿಯಲ್ಲಿ ಚಹಾಕ್ಕೆ ನಿಂತೆವು. ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಅಡಿಕೆಯನ್ನು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದನ್ನು ಬೆಳೆದು ಬದುಕುವುದು ಹೇಗನ್ನಿಸುತ್ತದೆ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಚುಚ್ಚುತ್ತೆ. ಅಪ್ಪಯ್ಯನ ಹತ್ರ ಕವಳ ಬಿಡು ಅಂತೀನಿ, ಬೆಳೀಬೇಡ ಅಂತ ಹೇಳೋಕಾಗಲ್ಲ. ಮೆಣಸು ಜಾಸ್ತಿ ಮಾಡ್ತಿದೀನಿ. ಈ ಕಣಿವೆಯಲ್ಲಿ ಅಡಿಕೆ ತೆಗೆದರೆ ಏನು ನಿಲ್ಲುತ್ತೆ, ಇನ್ನೂ ಗೊತ್ತಾಗಿಲ್ಲ.”

ಆಮೇಲೆ ಅವನೇ ಮುಂದುವರಿಸಿದ. ವಯಸ್ಸು ಮೂವತ್ತೆಂಟು. ತೋಟದಲ್ಲಿರುವ ಹುಡುಗ ಅಂದರೆ ಹೆಣ್ಣು ಕೊಡೋಕೆ ಯಾರೂ ಮುಂದೆ ಬರುವುದಿಲ್ಲ. ಬೆಂಗಳೂರಲ್ಲಿದ್ದಾಗ ಬಂದ ಸಂಬಂಧವೊಂದು ರಾಜೀನಾಮೆ ಕೊಟ್ಟ ವಾರದಲ್ಲಿ ತಪ್ಪಿಹೋಯಿತು. ಊರಲ್ಲಿ ಇಪ್ಪತ್ತು ಮನೆ ಇದೆ, ಹನ್ನೊಂದರಲ್ಲಿ ಮುದುಕರು ಮಾತ್ರ. “ಮಳೆಗಾಲದಲ್ಲಿ ಕರೆಂಟ್ ಹೋಗಿ ನಾಲ್ಕು ದಿನ ಆದಾಗ, ನಾನೆಂಥ ಕೆಲಸ ಮಾಡ್ಕಂಡೆ ಅನ್ಸುತ್ತೆ ಮಾರಾಯ.”

“ಹಾಗಾದ್ರೆ ಖುಷಿಯಾಗಿದೀಯಾ ಇಲ್ವಾ?”

ಅವನು ಚಹಾದ ಲೋಟ ಇಟ್ಟ. “ಅಲ್ಲಿದ್ದಾಗ ಭಾನುವಾರ ಸಂಜೆ ಆರು ಗಂಟೆಗೆ ಹೊಟ್ಟೆ ಒಳಗೆ ಏನೋ ಕಿವುಚಿದ ಹಾಗಾಗ್ತಿತ್ತು, ನೆನಪಿದೆಯಾ ನಿಂಗೆ? ಅದು ಹೋಗಿದೆ. ಇಲ್ಲಿ ಭಾನುವಾರ ಯಾವತ್ತು ಅಂತಾನೇ ಗೊತ್ತಾಗಲ್ಲ.”

ಅವತ್ತು ಭಾನುವಾರ. ಗಡಿಯಾರ ನೋಡಿದೆ, ಐದೂ ಮುಕ್ಕಾಲು.

ಐದನೇ ದಿನ

ಸಂಜೆ ಇರುವ ರೈಲು. ಬೆಳಿಗ್ಗೆ ಎದ್ದರೆ ಆಕಾಶ ಬೂದಿ ಬಣ್ಣ. ಡಿಸೆಂಬರ್‌ನಲ್ಲಿ ಮೋಡ! ಚಪ್ಪರದ ಮೇಲೆ ನಾಲ್ಕು ದಿನ ಒಣಗಿದ ಅಡಿಕೆ, ಪಕ್ಕದಲ್ಲಿ ಮೊನ್ನೆ ಬೇಯಿಸಿದ್ದು. ಒಂದು ಮಳೆ ಬಿದ್ದರೆ ಬಣ್ಣ ಹೋಗಿ, ಬೂಸ್ಟು ಹಿಡಿದು, ದರ ಅರ್ಧ. ಹನ್ನೊಂದಕ್ಕೆ ಒಂದು ಹನಿ ನನ್ನ ಕೈ ಮೇಲೆ ಬಿತ್ತು. ಆಯಿ ಕೂಗಿದರು. ಆಮೇಲೆ ಮನೆಯವರೆಲ್ಲ ಓಡಿದರು. ಗೋಣಿಚೀಲ, ಬುಟ್ಟಿ, ಟಾರ್ಪಾಲು. ನಾನು ಏಣಿ ಹತ್ತಿ ಮೊಣಕಾಲೂರಿ ಎರಡೂ ಕೈಯಲ್ಲಿ ಬಾಚಿದೆ. ಪಕ್ಕದ ಮನೆಯಿಂದ ಮೂರು ಜನ ಕರೆಯದೆಯೇ ಓಡಿಬಂದರು. ತಮ್ಮದನ್ನು ಆಗಲೇ ಮುಚ್ಚಿ ಬಂದಿದ್ದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಒಳಗೆ.

ಜಗುಲಿಯಲ್ಲಿ ಏದುಸಿರು ಬಿಡುತ್ತಾ ಕೂತೆವು. ಮಳೆ ಬರಲಿಲ್ಲ. ಮೋಡ ಸರಿದು ಬಿಸಿಲೇ ಬಂತು. ಅಪ್ಪಯ್ಯ ಆಕಾಶ ನೋಡಿ ಗೊಳ್ಳನೆ ನಕ್ಕರು. ಐದು ದಿನದಲ್ಲಿ ಅವರು ಹಾಗೆ ನಕ್ಕಿದ್ದು ಅದೊಂದೇ ಸಲ. ಎಲ್ಲರಿಗೂ ನಗು ಹತ್ತಿಕೊಂಡಿತು. ಕಷಾಯ ಕುಡಿದು, ಅದೇ ಚೀಲಗಳನ್ನು ಹೊತ್ತು ಮತ್ತೆ ಹರವಿದೆವು. ಒಂದು ರೂಪಾಯಿ ಲಾಭವಿಲ್ಲದ ಎರಡು ಗಂಟೆ ಕೆಲಸ. ನನಗೆ ಯಾಕಷ್ಟು ಹಗುರ ಅನ್ನಿಸಿತೋ.

ಹೊರಡುವಾಗ ಆಯಿ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಕಟ್ಟಿಕೊಟ್ಟರು. ಆಲೆಮನೆ ಶುರುವಾದ ಮೇಲೆ ಬಾ, ತೊಡೆದೇವು ಮಾಡ್ತೆ ಅಂದರು. ತೋಟ ಕೊಳ್ಳುವ ವಿಷಯ ಅಪ್ಪಯ್ಯನ ಹತ್ತಿರ ಎತ್ತಿದೆ. ಅವರು ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ. “ಮೊದಲು ಒಂದು ಮಳೆಗಾಲ ಇಲ್ಲಿ ಇದ್ದು ನೋಡು” ಅಂದರು. ಶೀಟನ್ನು ಅಳಿಸಿಲ್ಲ. ಫೈನಲ್ 4 ಮಾಡಿಲ್ಲ ಅಷ್ಟೇ. ಜೋಗ ಇಷ್ಟು ಹತ್ತಿರವಿದ್ದೂ ನೋಡಲಿಲ್ಲ ಅನ್ನುವುದು ರೈಲು ಹತ್ತಿದ ಮೇಲೆ ನೆನಪಾಯಿತು.

ಮನೆಗೆ ಬಂದಾಗ ಅಪ್ಪ ನನ್ನ ಕೈ ನೋಡಿದರು. ಬೆರಳುಗಳೆಲ್ಲ ಕಪ್ಪು, ಹೆಬ್ಬೆರಳಿಗೆ ಬಟ್ಟೆ. ಪೇಪರ್ ಮಡಿಸಿ ಪಕ್ಕಕ್ಕಿಟ್ಟು, “ಅಲ್ಲಿ ಮಣ್ಣು ಹೆಂಗೈತೆ?” ಅಂತ ಕೇಳಿದರು. ಕೆಂಪು, ಹಿಡಿದರೆ ಉಂಡೆ ಕಟ್ಟುತ್ತೆ ಅಂದೆ. ಅವತ್ತು ರಾತ್ರಿ ಹನ್ನೊಂದರವರೆಗೆ ಅಪ್ಪ ಮೂರು ಎಕರೆ ಹೊಲದ ಮಾತಾಡಿದರು. ಯಾವ ಬದುವಿನಲ್ಲಿ ಹುಣಸೆ ಮರ ಇತ್ತು, ಯಾವ ವರ್ಷ ರಾಗಿ ಎದೆಮಟ್ಟ ಬೆಳೆದಿತ್ತು. ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಮಾರನೇ ದಿನ ಆಫೀಸಿನಲ್ಲಿದ್ದಾಗ ಗೆಳೆಯ ವಾಟ್ಸ್‌ಆಪ್‌ನಲ್ಲಿ ಒಂದು ಫೋಟೋ ಕಳಿಸಿದ. ಅಪ್ಪಯ್ಯನ ಡೈರಿಯಲ್ಲಿ ನಾನು ಹೊರಟ ದಿನದ ಪುಟ. ಅದೇ ನೀಲಿ ಶಾಯಿ, ಅದೇ ಸಣ್ಣ ಅಕ್ಷರ.

‘ಮೋಡ. ಮಳೆ ಇಲ್ಲ. ಅಡಿಕೆ ಒಳಗೆ ಹಾಕಿ ಮತ್ತೆ ಹರವಿದ್ದು. ಬೆಂಗಳೂರಿನವ ಸಂಜೆ ರೈಲಿಗೆ ಹೋದ. ಸುಲಿಯಲು ಬರುವುದಿಲ್ಲ. ಬಾಚಲು ಅಡ್ಡಿಲ್ಲೆ.’